ಮಂತ್ರಿಯ ಪಕ್ಷ ಕೇಳಬೇಡಿ, ಖಾತೆ ಕೇಳಿ



ಕೆಂಗೇರಿ ಸೀಮೆಯ ಶಾಸಕ ಎಸ್.ಟಿ. ಸೋಮಶೇಖರ್ ಯಾವ ಪಕ್ಷ ಬಿಟ್ಟರು, ಯಾವ ಪಕ್ಷ ಸೇರಿದರು, ಯಾವ ಪಕ್ಷ ಅವರನ್ನು ಹೊರಗೆ ಹಾಕಿತು ಎಂದು ಕೇಳಿದರೆ ನೀವು ಒಂದೇ ಉಸಿರಿಗೆ ಹೇಳಿಬಿಡುತ್ತೀರಿ. ಅರಳಿಕಟ್ಟೆ ಮೇಲೆ ಕೂತು ದಿನಗಟ್ಟಲೆ ಅದನ್ನೇ ಮಾತಾಡಿದ್ದೀರಿ. ಆದರೆ ಅದೇ ಮನುಷ್ಯ ಮೂರು ವರ್ಷದ ಮೇಲೆ ಈ ರಾಜ್ಯದ ಸಹಕಾರ ಮಂತ್ರಿಯಾಗಿದ್ದಾಗ ನಿಮ್ಮ ತಕ್ಕಡಿಗೆ, ನಿಮ್ಮ ಮಂಡಿಗೆ, ನಿಮ್ಮ ಸೊಸೈಟಿ ಸಾಲಕ್ಕೆ ಏನಾಯಿತು ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತೀರಿ. ಇದು ಅವರ ತಪ್ಪಲ್ಲ ಕಣ್ರಪ್ಪ, ನಮ್ಮ ತಪ್ಪು. ಮಂತ್ರಿ ಎಂದರೆ ನಮಗೆ ಒಂದು ನಾಟಕದ ಪಾತ್ರ. ಅವನ ವೇಷ ನೋಡುತ್ತೇವೆ, ಅವನು ತೂಗಿದ ಸೇರು ನೋಡುವುದಿಲ್ಲ.

ಆದ್ದರಿಂದ ಈ ಸಲ ಒಬ್ಬ ಮಂತ್ರಿಯ ರಾಜಕೀಯ ಜೀವನವನ್ನು ಮೊದಲಿನಿಂದ ಕೊನೆತನಕ ಬಿಡಿಸಿ ಇಡುತ್ತಿದ್ದೇವೆ. ಇದು ಅವರೊಬ್ಬರ ಮೇಲಿನ ಸಿಟ್ಟಿನಿಂದ ಬರೆದದ್ದಲ್ಲ. ಅವರ ಜಾಗದಲ್ಲಿ ಇನ್ನೊಬ್ಬರು ಕೂತಿದ್ದರೂ ಇದೇ ಆಗುತ್ತಿತ್ತೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಬರೆದದ್ದು.

ಮೊದಲು ಜಾತಕ ಓದೋಣ. ಬೆಂಗಳೂರಿನ ಪಶ್ಚಿಮಕ್ಕೆ ಯಶವಂತಪುರ ಎಂಬ ವಿಧಾನಸಭಾ ಕ್ಷೇತ್ರವಿದೆ. ಹೆಸರು ಯಶವಂತಪುರವಾದರೂ ಕೆಂಗೇರಿ, ಉಲ್ಲಾಳು, ಹೆಮ್ಮಿಗೆಪುರ, ತಾವರೆಕೆರೆ ಎಲ್ಲವೂ ಅದರೊಳಗೇ ಬರುತ್ತವೆ. 2008ರಲ್ಲಿ ಈ ಕ್ಷೇತ್ರ ಬಿಜೆಪಿಯ ಶೋಭಾ ಕರಂದ್ಲಾಜೆ ಅವರನ್ನು ಗೆಲ್ಲಿಸಿತು. ಅವರು ಪಂಚಾಯತ್ ರಾಜ್ ಮಂತ್ರಿಯಾದರು, ಆಮೇಲೆ ಇಂಧನ ಮಂತ್ರಿಯಾದರು. 2021ರಿಂದ 2024ರವರೆಗೆ ದೆಹಲಿಯಲ್ಲಿ ಕೃಷಿ ಖಾತೆಯ ರಾಜ್ಯ ಮಂತ್ರಿಯೂ ಆದರು. 2013ರಲ್ಲಿ ಇದೇ ಕ್ಷೇತ್ರದಿಂದ ಕಾಂಗ್ರೆಸ್ಸಿನ ಸೋಮಶೇಖರ್ ಗೆದ್ದರು, 2018ರಲ್ಲೂ ಗೆದ್ದರು. ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದರು. 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟ ಶಾಸಕರ ಗುಂಪಿನಲ್ಲಿದ್ದರು, ಸರ್ಕಾರ ಬಿತ್ತು. ಸ್ಪೀಕರ್ ರಮೇಶ್ ಕುಮಾರ್ ಆ ಗುಂಪನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟು 2019ರ ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿದು, ಚುನಾವಣೆಗೆ ನಿಲ್ಲಬಹುದು ಅಂತಲೂ ಹೇಳಿತು. ಡಿಸೆಂಬರ್ ಉಪಚುನಾವಣೆಯಲ್ಲಿ ಅದೇ ಸೋಮಶೇಖರ್ ಬಿಜೆಪಿ ಚಿಹ್ನೆಯ ಮೇಲೆ ಅದೇ ಮತದಾರರ ಮುಂದೆ ನಿಂತು ಗೆದ್ದರು. 2020ರ ಫೆಬ್ರವರಿ 6ರಂದು ಮಂತ್ರಿಯಾಗಿ ಪ್ರಮಾಣ ಮಾಡಿದರು, ಸಹಕಾರ ಖಾತೆ ಸಿಕ್ಕಿತು. ಯಡಿಯೂರಪ್ಪ ಹೋಗಿ ಬೊಮ್ಮಾಯಿ ಬಂದರೂ ಆ ಖಾತೆ 2023ರ ಮೇ ತನಕ ಅವರ ಕೈಯಲ್ಲೇ ಇತ್ತು. 2023ರಲ್ಲಿ ಮತ್ತೆ ಬಿಜೆಪಿಯಿಂದ ಗೆದ್ದರು. 2024ರ ಫೆಬ್ರವರಿಯ ರಾಜ್ಯಸಭಾ ಚುನಾವಣೆಯಲ್ಲಿ ಪಕ್ಷದ ಆಜ್ಞೆ ಮೀರಿ ಕಾಂಗ್ರೆಸ್ ಅಭ್ಯರ್ಥಿಗೆ ಮತ ಹಾಕಿದರು. 2025ರ ಮೇ ತಿಂಗಳಲ್ಲಿ ಬಿಜೆಪಿ ಅವರನ್ನು ಆರು ವರ್ಷಕ್ಕೆ ಉಚ್ಚಾಟಿಸಿತು.

ಇಷ್ಟು ಕಥೆ ನಿಮಗೆ ಗೊತ್ತು. ಈಗ ಗೊತ್ತಿಲ್ಲದ ಕಥೆಗೆ ಬರೋಣ.

ಆ ಕ್ಷೇತ್ರದ ಮಣ್ಣು ಎಂಥದು ಎಂದು ನೋಡಿ. ಬೆಂಗಳೂರಿನ ಪಶ್ಚಿಮ ಭಾಗವೆಂದರೆ ಹೊಲ ಸೈಟಾದ ಚರಿತ್ರೆ. 1949ರಲ್ಲಿ ರಾಜಾಜಿನಗರಕ್ಕೆ ಅಡಿಗಲ್ಲು ಬಿತ್ತು. ಆಮೇಲೆ ವಿಜಯನಗರ, ಆಮೇಲೆ ಬಸವೇಶ್ವರನಗರ. ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ ಎಂಬ ಹಳ್ಳಿಗಳು ಈಗ ಬಸ್ ಸ್ಟಾಪಿನ ಬೋರ್ಡಿನಲ್ಲಿ, ಮೆಟ್ರೋ ನಿಲ್ದಾಣದ ಗೋಡೆಯಲ್ಲಿ ಮಾತ್ರ ಹಳ್ಳಿಗಳು. ನಗರ ಅಲ್ಲಿಗೂ ನಿಲ್ಲಲಿಲ್ಲ. 2008ರಲ್ಲಿ ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವಿನ ಹನ್ನೆರಡು ಹಳ್ಳಿಗಳ ಮೇಲೆ ಪ್ರಾಧಿಕಾರದ ಪ್ರಾಥಮಿಕ ಅಧಿಸೂಚನೆ ಬಂತು, 2010ರಲ್ಲಿ ಅಂತಿಮ ಅಧಿಸೂಚನೆಯಾಯಿತು. ಕೊಮ್ಮಘಟ್ಟ, ಭೀಮನಕುಪ್ಪೆ, ಸೂಲಿಕೆರೆ, ರಾಮಸಂದ್ರ, ಚಲ್ಲಘಟ್ಟ ಮುಂತಾದ ಊರುಗಳ 4,043 ಎಕರೆ. ಬಡಾವಣೆಗೆ ನಾಡಪ್ರಭು ಕೆಂಪೇಗೌಡರ ಹೆಸರಿಟ್ಟರು. ಕೆರೆ ಕಟ್ಟಿಸಿದ ದೊರೆಯ ಹೆಸರಿನಲ್ಲಿ ಕೆರೆಯ ಕೆಳಗಿನ ಗದ್ದೆ ಹೋಯಿತು. ದಶಕ ಕಳೆದರೂ ಬಡಾವಣೆಯ ಕೆಲಸ ಮುಗಿಯಲಿಲ್ಲ.

ಅಲ್ಲಿನ ರೈತನನ್ನು ನಾವು ಹಂಗಿಸುತ್ತಿಲ್ಲ. ಅವನೂ ನಮ್ಮವನೇ. ಆದರೆ ಅವನ ಮುಂದಿರುವ ಪ್ರಶ್ನೆ ಬೇರೆ. ಗುಂಟೆಗೆ ಎಷ್ಟು ಪರಿಹಾರ, ಅಭಿವೃದ್ಧಿಯಾದ ಸೈಟಿನಲ್ಲಿ ತನ್ನ ಪಾಲು ಎಷ್ಟು, ಯಾವಾಗ ಕೊಡುತ್ತಾರೆ ಎಂಬುದು ಅವನ ಚಿಂತೆ. ರಾಗಿ ಕ್ವಿಂಟಲಿಗೆ ಎಷ್ಟು ಎಂಬುದರ ಮೇಲೆ ಅವನ ವೋಟು ನಿಂತಿಲ್ಲ. ಅವನ ಪಕ್ಕದ ಅಪಾರ್ಟ್‌ಮೆಂಟಿನ ಮತದಾರನಿಗಂತೂ ಈರುಳ್ಳಿ ಬೆಲೆ ಇಳಿದರೆ ಹಬ್ಬ. ಹಾಗಾದರೆ ಆ ಕ್ಷೇತ್ರದ ಪ್ರತಿನಿಧಿ ಯಾರಿಗೆ ಹೆದರಬೇಕು? ಬೆಳೆಯ ಬೆಲೆ ಬಿದ್ದರೆ ಅವರ ಒಂದು ವೋಟಾದರೂ ಅಲ್ಲಾಡುತ್ತದೆಯೇ? ಅಂಥ ಕ್ಷೇತ್ರದವರ ಕೈಗೆ ರಾಜ್ಯದ ಎಲ್ಲ ಮಾರುಕಟ್ಟೆ ಸಮಿತಿಗಳನ್ನು, ಎಲ್ಲ ಸಹಕಾರ ಸಂಘಗಳನ್ನು ಕೊಟ್ಟರು. ಸೋಮಶೇಖರ್ ಒಳ್ಳೆಯವರೋ ಕೆಟ್ಟವರೋ ಎಂಬ ಮಾತೇ ಇಲ್ಲಿಲ್ಲ. ರೈತನಿಗೆ ಹೆದರುವ ಕಾರಣ ಅವರಿಗಿರಲಿಲ್ಲ, ಅಷ್ಟೇ.

ಖಾತೆ ಹಂಚಿದ ರೀತಿಯನ್ನೂ ನೋಡಿ. ಪಕ್ಷ ಬಿಟ್ಟು ಬಂದು ಉಪಚುನಾವಣೆ ಗೆದ್ದ 11 ಜನರಲ್ಲಿ 10 ಮಂದಿ ಒಂದೇ ದಿನ ಮಂತ್ರಿಗಳಾದರು. ಸಹಕಾರ ಆ ಗುಂಪಿಗೆ ಹೋಯಿತು. ಕೃಷಿ ಖಾತೆಯೂ ಅದೇ ಗುಂಪಿನ ಬಿ.ಸಿ. ಪಾಟೀಲರಿಗೆ ಹೋಯಿತು. ಬಿತ್ತುವಾಗ ರೈತ ಯಾರ ಬಾಗಿಲಿಗೆ ಹೋಗಬೇಕೋ ಆ ಬಾಗಿಲು, ಮಾರುವಾಗ ಯಾರ ಬಾಗಿಲಿಗೆ ಹೋಗಬೇಕೋ ಆ ಬಾಗಿಲು, ಎರಡೂ ಸರ್ಕಾರ ಕಟ್ಟಿದ ಋಣ ತೀರಿಸಲು ಬಳಕೆಯಾದವು. ರೈತನ ಸಾಲ ತೀರಿಸಲು ಎಂದೂ ದುಡ್ಡು ಸಿಗದ ವಿಧಾನಸೌಧದಲ್ಲಿ ರಾಜಕೀಯದ ಸಾಲ ಮಾತ್ರ ಏಳು ತಿಂಗಳು ತುಂಬುವಷ್ಟರಲ್ಲಿ ಬಡ್ಡಿ ಸಮೇತ ತೀರುತ್ತದೆ!

ಈಗ ಆ ಖಾತೆಯಲ್ಲಿ ಏನು ನಡೆಯಿತು? ಮಂತ್ರಿಯಾಗಿ ಮೂರು ತಿಂಗಳು. ಕೊರೋನಾ ಬಂದು ದೇಶಕ್ಕೆ ಬೀಗ ಬಿದ್ದಿತ್ತು. ನೀವು ಕಲ್ಲಂಗಡಿ, ಟೊಮೇಟೊ, ಹೂವು ತಿಪ್ಪೆಗೆ ಸುರಿಯುತ್ತಿದ್ದ ಕಾಲ. ನಾಲ್ಕು ಜನ ಒಟ್ಟಿಗೆ ನಿಲ್ಲುವಂತಿರಲಿಲ್ಲ, ಮೆರವಣಿಗೆ ದೂರದ ಮಾತು. ಆಗ, 2020ರ ಮೇ ತಿಂಗಳಲ್ಲಿ, ವಿಧಾನಮಂಡಲದಲ್ಲಿ ಒಂದು ದಿನವೂ ಚರ್ಚಿಸದೆ, ಎಪಿಎಂಸಿ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದರು. ಖಾತೆ ಸೋಮಶೇಖರ್ ಅವರದು. ಸದನದ ಒಳಗೂ ಹೊರಗೂ ಅದನ್ನು ಸಮರ್ಥಿಸಿದವರೂ ಅವರೇ. ಆ ವರ್ಷ ಮುಗಿಯುವ ಹೊತ್ತಿಗೆ ಅದು ಕಾಯ್ದೆಯಾಯಿತು.

1966ರ ಮೂಲ ಕಾಯ್ದೆಯಲ್ಲಿ ಮಾರುಕಟ್ಟೆ ಸಮಿತಿಯ ಅಧಿಕಾರ ಇಡೀ ಮಾರುಕಟ್ಟೆ ಪ್ರದೇಶಕ್ಕೆ, ಅಂದರೆ ತಾಲ್ಲೂಕಿಗೆಲ್ಲ ಹರಡಿತ್ತು. ಅಧಿಸೂಚಿತ ಬೆಳೆಯನ್ನು ವ್ಯಾಪಾರಿ ಪ್ರಾಂಗಣದ ಹೊರಗೆ ಕೊಂಡರೆ ಸಮಿತಿ ತಡೆಯಬಹುದಿತ್ತು, ದಂಡ ಹಾಕಬಹುದಿತ್ತು. ತಿದ್ದುಪಡಿಯ ಮೇಲೆ ಸಮಿತಿಯ ಅಧಿಕಾರ ಪ್ರಾಂಗಣದ ಕಾಂಪೌಂಡ್ ಗೋಡೆಗೆ ನಿಂತಿತು. ಗೇಟಿನ ಒಳಗೆ ಕೊಳ್ಳುವವನಿಗೆ ಲೈಸೆನ್ಸು, ಸೆಸ್ಸು, ಲೆಕ್ಕ, ತಪಾಸಣೆ. ಗೇಟಿನ ಹೊರಗೆ ಹತ್ತು ಮಾರು ದೂರದಲ್ಲಿ ಲಾರಿ ನಿಲ್ಲಿಸಿಕೊಂಡವನಿಗೆ ಯಾವ ಸಮಿತಿಯ ಕೇಳುವಿಕೆಯೂ ಇಲ್ಲ. ಗೇಟಿನೊಳಗಿನ ವ್ಯಾಪಾರಿಯೂ ಗಲಾಟೆ ಮಾಡಿದ. ಅವನನ್ನು ಸಮಾಧಾನಪಡಿಸಲು ನೂರಕ್ಕೆ ಒಂದೂವರೆ ರೂಪಾಯಿ ಇದ್ದ ಸೆಸ್ಸನ್ನು ಅದೇ ವರ್ಷ 35 ಪೈಸೆಗೆ ಇಳಿಸಿದರು, ಆಮೇಲೆ 60 ಪೈಸೆಗೆ ತಂದರು. ಸಮಿತಿಗಳ ಆದಾಯ ಕುಸಿಯಿತು. ಪ್ರಾಂಗಣದ ದೀಪ, ನೀರು, ತೂಕದ ಯಂತ್ರ, ಗೋದಾಮಿನ ದುರಸ್ತಿ ಎಲ್ಲ ನಡೆಯುತ್ತಿದ್ದದ್ದು ಆ ಸೆಸ್ಸಿನಿಂದಲೇ. ಮರ ಕಡಿದಿಲ್ಲ, ಬೇರಿಗೆ ನೀರು ನಿಲ್ಲಿಸಿದ್ದೇವೆ ಅಷ್ಟೇ ಎಂದ ಹಾಗಾಯಿತು.

ಮಂತ್ರಿಗಳು ಹೇಳಿದ ಸಮರ್ಥನೆಯನ್ನೂ ಕೇಳಬೇಕು, ಅದು ನ್ಯಾಯ. ರೈತ ತನ್ನ ಬೆಳೆಯನ್ನು ಎಲ್ಲಿ ಬೇಕಾದರೂ, ಯಾರಿಗೆ ಬೇಕಾದರೂ ಮಾರಬಹುದು, ಎಪಿಎಂಸಿ ಮುಚ್ಚುವುದಿಲ್ಲ, ಪೈಪೋಟಿ ಬಂದರೆ ಬೆಲೆ ಏರುತ್ತದೆ ಎಂಬುದು ಅವರ ವಾದ. ಕೇಳಲು ಹಿತವಾಗಿದೆ. ಎಪಿಎಂಸಿ ಪ್ರಾಂಗಣವೇನು ಸ್ವರ್ಗವಾಗಿತ್ತೇ? ಇಲ್ಲ. ಸ್ಯಾಂಪಲ್ ಎಂದು ಬೊಗಸೆ ತುಂಬುವುದು, ಸೂಟು ಮುರಿಯುವುದು, ಕೊಳ್ಳುವವನು ಕೊಡಬೇಕಾದ ಕಮಿಷನ್ನನ್ನು ರೈತನ ಪಟ್ಟಿಯಲ್ಲೇ ಹಿಡಿಯುವುದು, ಬಿಳಿ ಚೀಟಿಯಲ್ಲಿ ಲೆಕ್ಕ ಬರೆಯುವುದು, ಇದನ್ನೆಲ್ಲ ನಿಮಗೆ ನಾವು ಹೇಳಬೇಕೆ? ದಲ್ಲಾಳಿಯ ಪರ ವಕಾಲತ್ತು ವಹಿಸಲು ಈ ಪತ್ರಿಕೆ ಹುಟ್ಟಿಲ್ಲ.

ಆದರೆ ಒಂದು ಮಾತು. ಆ ಪ್ರಾಂಗಣದಲ್ಲಿ ಮೋಸ ಆದರೆ ಹೋಗಿ ಕೂಗಾಡಲು ಒಂದು ಕಚೇರಿ ಇತ್ತು. ಒಬ್ಬ ಕಾರ್ಯದರ್ಶಿ ಇದ್ದ. ನೀವೇ ಆರಿಸಿದ ಸದಸ್ಯರು ಇದ್ದರು. ನೂರು ಜನ ಹೋಗಿ ಗೇಟಿಗೆ ಅಡ್ಡ ಕೂತರೆ ಸಂಜೆಯೊಳಗೆ ತೂಕ ನೆಟ್ಟಗಾಗುತ್ತಿತ್ತು. ಹತ್ತು ಜನ ವ್ಯಾಪಾರಿಗಳು ಒಂದೇ ರಾಶಿಗೆ ಟೆಂಡರ್ ಹಾಕಿದಾಗ ಆ ದಿನದ ಬೆಲೆ ಎಷ್ಟು ಎಂಬುದು ಊರಿಗೆಲ್ಲ ತಿಳಿಯುತ್ತಿತ್ತು. ನೀವು ಹೊಲದ ಬದುವಿನಲ್ಲೇ ಮಾರಿದರೂ ಆ ಬೆಲೆಯನ್ನೇ ಹಿಡಿದು ಚೌಕಾಸಿ ಮಾಡುತ್ತಿದ್ದಿರಿ. ಪ್ರಾಂಗಣ ಸೊರಗಿದರೆ ಆ ಬೆಲೆಯೇ ಸಾಯುತ್ತದೆ. ಆಗ ಲಾರಿಯವನು ಹೇಳಿದ್ದೇ ಬೆಲೆ. ದುಡ್ಡು ನಾಳೆ ಕೊಡುತ್ತೇನೆ ಎಂದು ಹೋದವನನ್ನು ಎಲ್ಲಿ ಹುಡುಕುತ್ತೀರಿ? ಯಾವ ಸಮಿತಿಯ ಪುಸ್ತಕದಲ್ಲಿ ಅವನ ಹೆಸರಿದೆ? ಮನೆಯಲ್ಲಿ ಹೆಗ್ಗಣ ಸೇರಿದೆ ಎಂದು ಹೇಳಿದವರಿಗೆ ಹೆಗ್ಗಣ ಹಿಡಿದುಕೊಡಲಿಲ್ಲ, ಗೋಡೆ ಒಡೆದುಕೊಟ್ಟರು.

2021ರ ಜನವರಿಯಲ್ಲಿ ಸಿಂಧನೂರಿನ ಸುದ್ದಿಯೊಂದನ್ನು ಡಂಗುರ ಹೊಡೆದದ್ದು ನೆನಪಿದೆಯೇ? ರಿಲಯನ್ಸ್ ಕಂಪನಿ ಅಲ್ಲಿನ ರೈತರಿಂದ ಸೋನಾ ಮಸೂರಿ ಭತ್ತವನ್ನು ಕ್ವಿಂಟಲಿಗೆ 1,950 ರೂಪಾಯಿಗೆ ಕೊಳ್ಳುತ್ತದೆ, ಬೆಂಬಲ ಬೆಲೆ 1,868 ರೂಪಾಯಿ, ನೋಡಿ 82 ರೂಪಾಯಿ ಹೆಚ್ಚು ಎಂದರು. ಈ ಲೆಕ್ಕವನ್ನು ಬಿಡಿಸಿ ನೋಡೋಣ. 1,868 ಎಂಬುದು ಸಾಮಾನ್ಯ ಭತ್ತದ ಬೆಂಬಲ ಬೆಲೆ. ಎ ದರ್ಜೆಯ ಭತ್ತಕ್ಕೇ ಆ ವರ್ಷ 1,888 ಇತ್ತು. ಸೋನಾ ಮಸೂರಿಯಂಥ ಸಣ್ಣಕ್ಕಿ ಭತ್ತವನ್ನು ಸಾಮಾನ್ಯ ಭತ್ತದ ಪಕ್ಕದಲ್ಲಿಟ್ಟು ಹೆಚ್ಚು ಕೊಟ್ಟೆವು ಎನ್ನುವುದು, ಹಸುವಿನ ಬೆಲೆಯನ್ನು ಮೇಕೆಯ ಬೆಲೆಗೆ ಹೋಲಿಸಿ ಲಾಭ ತೋರಿಸಿದಂತೆ. ಕೊಂಡದ್ದು 1,000 ಕ್ವಿಂಟಲ್. ಅದೂ ತೇವಾಂಶ ನೋಡಿ, ಕಾಳು ಆರಿಸಿ. ಉಳಿದ ಭತ್ತ ಎಲ್ಲಿಗೆ ಹೋಗಬೇಕು? ಕಂಪನಿ ಬೇಡವೆಂದ ರಾಶಿಯನ್ನು ಎತ್ತಿಕೊಂಡು ಹೋಗುವುದಕ್ಕಾದರೂ ಪ್ರಾಂಗಣ ಬದುಕಿರಬೇಡವೇ?

ಇನ್ನು ಸಾಲದ ಮಾತು. ಸಹಕಾರ ಖಾತೆಯೆಂದರೆ ಸೊಸೈಟಿ ಸಾಲ. ಮೂರು ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆ ಸಾಲ ಸೋಮಶೇಖರ್ ಮಂತ್ರಿಯಾಗುವ ಮೊದಲೇ ಇತ್ತು, ಅವರ ಕಾಲದಲ್ಲೂ ಮುಂದುವರಿಯಿತು. 2023ರ ಬಜೆಟ್ಟಿನಲ್ಲಿ ಐದು ಲಕ್ಷದ ಮಾತೂ ಬಂತು. ಬಡ್ಡಿಯಿಲ್ಲದ ಸಾಲ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಲೆಕ್ಕ ಹಾಕಿ. ಒಂದು ಲಕ್ಷ ಸಾಲಕ್ಕೆ ನೂರಕ್ಕೆ ಏಳರಂತೆ ಬಡ್ಡಿ ಉಳಿದರೆ ವರ್ಷಕ್ಕೆ ಉಳಿಯುವುದು 7,000 ರೂಪಾಯಿ. ಮೂರು ಎಕರೆ ಮೆಕ್ಕೆಜೋಳ ಹಾಕಿದ್ದೀರಿ, ಎಕರೆಗೆ 20 ಕ್ವಿಂಟಲ್ ಎಂದರೆ 60 ಕ್ವಿಂಟಲ್. ಬೆಂಬಲ ಬೆಲೆಗಿಂತ ಕ್ವಿಂಟಲಿಗೆ 400 ರೂಪಾಯಿ ಕಡಿಮೆ ಸಿಕ್ಕಿದರೆ ಹೋಗುವುದು 24,000 ರೂಪಾಯಿ. ಬಲಗೈಯಲ್ಲಿ ಏಳು ಕೊಟ್ಟು ಎಡಗೈಯಲ್ಲಿ ಇಪ್ಪತ್ತನಾಲ್ಕು ಕಿತ್ತುಕೊಂಡರೆ ಅದಕ್ಕೆ ಸಹಾಯಧನ ಅಂತ ಹೆಸರು!

ಇದು ಬರೀ ಊಹೆಯ ಲೆಕ್ಕವಲ್ಲ. ಮೆಕ್ಕೆಜೋಳದ ಬೆಂಬಲ ಬೆಲೆ 2019-20ಕ್ಕೆ 1,760 ರೂಪಾಯಿ, 2020-21ಕ್ಕೆ 1,850 ರೂಪಾಯಿ. 2020ರಲ್ಲಿ ದಾವಣಗೆರೆ, ಹಾವೇರಿ ಕಡೆ ರೈತರಿಗೆ ಸಿಕ್ಕಿದ್ದು ಅದಕ್ಕಿಂತ ಬಹಳ ಕೆಳಗಿನ ಬೆಲೆ. ಸರ್ಕಾರ ಏನು ಮಾಡಿತು? ಪ್ರತಿ ಮೆಕ್ಕೆಜೋಳ ಬೆಳೆಗಾರನಿಗೆ 5,000 ರೂಪಾಯಿ ಪರಿಹಾರ ಎಂದಿತು. ಬೆಲೆ ಕೇಳಿದವನಿಗೆ ಭಿಕ್ಷೆ ಹಾಕಿತು. ಬೆಲೆ ಬೀಳುತ್ತಿರುವ ಅದೇ ವರ್ಷದಲ್ಲಿ ಬೆಲೆ ಕಾಯುವ ಪ್ರಾಂಗಣದ ಗೋಡೆ ಕೆಡವಿದರು ಎಂಬುದನ್ನು ಮರೆಯಬೇಡಿ.

ಸಾಲ ಮನ್ನಾ ಕಥೆಯೂ ಹೀಗೇ. 2012ರಲ್ಲಿ 25,000, 2017ರಲ್ಲಿ 50,000, 2018ರಲ್ಲಿ ಎರಡು ಲಕ್ಷದವರೆಗೆ. ಮೂರು ಸಲ ಮೂರು ಪಕ್ಷದ ಮುಖ್ಯಮಂತ್ರಿಗಳು ಮನ್ನಾ ಮಾಡಿದರು. ಆರು ವರ್ಷದಲ್ಲಿ ಮೂರು ಸಲ ಮನ್ನಾ ಮಾಡಬೇಕಾಗಿ ಬಂದ ಸಾಲ, ಸಾಲವೇ ಅಲ್ಲ. ನಿಮ್ಮಿಂದ ಬೆಲೆಯಲ್ಲಿ ಕಡಿದುಕೊಂಡ ದುಡ್ಡು ಅದು. ವೈಜ್ಞಾನಿಕ ಬೆಲೆ ಕೊಟ್ಟಿದ್ದರೆ ಮನ್ನಾ ಮಾಡಿ ಎಂದು ಯಾರ ಮುಂದೆಯೂ ಟವೆಲ್ ಹಿಡಿದು ನಿಲ್ಲಬೇಕಾಗಿರಲಿಲ್ಲ. 1980ರಲ್ಲಿ ನರಗುಂದ, ನವಲಗುಂದದಲ್ಲಿ ಗುಂಡು ತಿಂದ ರೈತರು ಎತ್ತಿದ ಪ್ರಶ್ನೆಗೆ ನಲವತ್ತು ವರ್ಷದ ಮೇಲೂ ಉತ್ತರ ಬಂದಿಲ್ಲ.

ಮಾರುಕಟ್ಟೆಯ ತಿದ್ದುಪಡಿ ಒಂಟಿಯಾಗಿ ಬರಲಿಲ್ಲ ಎಂಬುದನ್ನೂ ಗಮನಿಸಿ. ಅದೇ 2020ರಲ್ಲಿ ಕಂದಾಯ ಮಂತ್ರಿ ಆರ್. ಅಶೋಕ್ ಭೂಸುಧಾರಣಾ ಕಾಯ್ದೆಯ 79ಎ, 79ಬಿ, 79ಸಿ ಕಲಮುಗಳನ್ನು ತೆಗೆಸಿದರು. ಅವರ ಕ್ಷೇತ್ರ ಪದ್ಮನಾಭನಗರ, ಅದೂ ಬೆಂಗಳೂರೇ. ರೈತನಲ್ಲದವನೂ, ಎಷ್ಟೇ ಆದಾಯ ಇರುವವನೂ ಹೊಲ ಕೊಳ್ಳಲು ದಾರಿಯಾಯಿತು. ಒಂದು ಕೈ ಬೆಳೆಯ ಬೆಲೆ ಸಡಿಲ ಮಾಡಿತು, ಇನ್ನೊಂದು ಕೈ ಹೊಲ ಮಾರುವ ಬಾಗಿಲು ತೆರೆಯಿತು. ಬೆಳೆಯಲ್ಲಿ ಸೋತವನು ಎಲ್ಲಿಗೆ ಹೋಗುತ್ತಾನೆ ಎಂಬುದನ್ನು ಮೊದಲೇ ಲೆಕ್ಕ ಹಾಕಿದಂತಿತ್ತು.

ಇದು ನಮ್ಮಲ್ಲೇ ಮೊದಲಲ್ಲ. ದೂರದ ಮೆಕ್ಸಿಕೋ ದೇಶದಲ್ಲಿ 1992ರಲ್ಲಿ ಸಂವಿಧಾನದ 27ನೇ ಕಲಮು ತಿದ್ದಿ, ಊರೊಟ್ಟಿನ ಜಮೀನನ್ನು ಮಾರಲು ದಾರಿ ಮಾಡಿದರು. 1994ರ ಜನವರಿ 1ರಿಂದ ಅಮೆರಿಕದೊಂದಿಗೆ ಮುಕ್ತ ವ್ಯಾಪಾರದ ಒಪ್ಪಂದ ಜಾರಿಗೆ ಬಂತು, ಅಮೆರಿಕ ಸರ್ಕಾರದ ಸಬ್ಸಿಡಿಯಲ್ಲಿ ಬೆಳೆದ ಅಗ್ಗದ ಮೆಕ್ಕೆಜೋಳ ಒಳಗೆ ಹರಿಯಿತು. ಬೆಲೆ ಕೊಟ್ಟು ಧಾನ್ಯ ಕೊಳ್ಳುತ್ತಿದ್ದ ಸರ್ಕಾರಿ ಸಂಸ್ಥೆಯನ್ನು 1999ರಲ್ಲಿ ಮುಚ್ಚಿದರು. ಮೆಕ್ಕೆಜೋಳವನ್ನು ಮೊದಲು ಬೆಳೆಸಿದ ನಾಡಿನ ರೈತನ ಮಕ್ಕಳು ಕೂಲಿ ಹುಡುಕಿಕೊಂಡು ಅದೇ ಅಮೆರಿಕದ ಗಡಿ ದಾಟಿದರು. ಅಲ್ಲಿನ ಮಂತ್ರಿಗಳೂ ಹೇಳಿದ್ದು ಇದನ್ನೇ: ರೈತನಿಗೆ ಸ್ವಾತಂತ್ರ್ಯ ಕೊಟ್ಟಿದ್ದೇವೆ ಅಂತ.

ಬಿಜೆಪಿಯನ್ನು ಬೈದರಲ್ಲ, ಹಂಗಾದ್ರೆ ಕಾಂಗ್ರೆಸ್ಸಿಗೆ ಜೈ ಅನ್ನೋಣವೇ ಎಂದು ಕೇಳಬೇಡಿ. ಭೂಸುಧಾರಣಾ ತಿದ್ದುಪಡಿ ವಿಧಾನ ಪರಿಷತ್ತಿನಲ್ಲಿ ಪಾಸಾದದ್ದು ಜೆಡಿಎಸ್ ಬೆಂಬಲದಿಂದ, ಮಣ್ಣಿನ ಮಗನ ಪಕ್ಷದ ಬೆಂಬಲದಿಂದ. ದೆಹಲಿಯ ಮೂರು ಕಾಯ್ದೆಗಳನ್ನು ಪಂಜಾಬಿನ ರೈತರು ವರ್ಷ ಪೂರ್ತಿ ಬೀದಿಯಲ್ಲಿ ಕೂತು 2021ರಲ್ಲಿ ಹಿಂತೆಗೆಸಿದರು. ಆಗ ನಮ್ಮ ರಾಜ್ಯದ ಕಾಯ್ದೆ ಮಾತ್ರ ಹಾಗೇ ಉಳಿಯಿತು, ನಾವು ಅಷ್ಟು ಹೊತ್ತು ಕೂರಲಿಲ್ಲ. 2023ರಲ್ಲಿ ಬಂದ ಕಾಂಗ್ರೆಸ್ ಸರ್ಕಾರ ತಿದ್ದುಪಡಿ ರದ್ದು ಮಾಡುವ ವಿಧೇಯಕವನ್ನು ವಿಧಾನಸಭೆಯಲ್ಲಿ ಪಾಸು ಮಾಡಿತು. ತನ್ನ ಬಹುಮತವಿಲ್ಲದ ಪರಿಷತ್ತಿನಲ್ಲಿ ಅದು ತಡೆದು ಪರಿಶೀಲನಾ ಸಮಿತಿಗೆ ಹೋಯಿತು. ಗ್ಯಾರಂಟಿಗಳಿಗೆ ತೋರಿಸಿದ ಅವಸರ ಇದಕ್ಕೆ ತೋರಿಸಲಿಲ್ಲ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರೂ ಅವಸರ ಮಾಡದಿದ್ದರೆ ಏನನ್ನಬೇಕು?

ಆದ್ದರಿಂದ ಬಂಧುಗಳೇ, ಸೋಮಶೇಖರ್ ಯಾವ ಪಕ್ಷದಲ್ಲಿದ್ದಾರೆ ಎಂಬ ಹರಟೆಯನ್ನು ಪೇಪರಿನವರಿಗೆ ಬಿಡಿ. ಪಕ್ಷ ಬಿಟ್ಟದ್ದಕ್ಕೆ ಪಕ್ಷ ಶಿಕ್ಷೆ ಕೊಡುತ್ತದೆ, ಕೊಟ್ಟಿದೆ. ರೈತನ ತಕ್ಕಡಿ ಬಿಟ್ಟದ್ದಕ್ಕೆ ಶಿಕ್ಷೆ ಕೊಡುವವರು ಯಾರು? ಈ ರಾಜ್ಯದಲ್ಲಿ ಮೂರು ಪಕ್ಷಗಳ ಒಬ್ಬ ನಾಯಕನೂ ಮೆಕ್ಕೆಜೋಳದ ಬೆಲೆ ಬಿತ್ತೆಂದು ಉಚ್ಚಾಟನೆಯಾಗಿಲ್ಲ.

ಮಾಡಬೇಕಾದದ್ದು ಇಷ್ಟು. ಒಂದು, ಮಂತ್ರಿಮಂಡಲ ರಚನೆಯಾದ ದಿನವೇ ಕೃಷಿ, ಸಹಕಾರ, ಕೃಷಿ ಮಾರುಕಟ್ಟೆ, ಕಂದಾಯ ಯಾರ ಕೈಗೆ ಹೋಯಿತು, ಅವರ ಕ್ಷೇತ್ರದಲ್ಲಿ ಏನು ಬೆಳೆಯುತ್ತಾರೆ ಎಂದು ಬರೆದಿಡಿ. ಬೆಳೆಯ ಬೆಲೆಯಿಂದ ವೋಟು ಬೀಳದ ಕ್ಷೇತ್ರದವರಿಗೆ ಆ ಖಾತೆ ಹೋದರೆ ಅಂದೇ ಪ್ರಶ್ನಿಸಿ. ಎರಡು, ಪ್ರಾಂಗಣದ ಹೊರಗೆ ಕೊಳ್ಳುವ ಪ್ರತಿಯೊಬ್ಬನೂ, ಕಂಪನಿಯಾಗಲಿ ಲಾರಿಯವನಾಗಲಿ, ಸಮಿತಿಯಲ್ಲಿ ಹೆಸರು ಬರೆಸಬೇಕು, ಠೇವಣಿ ಇಡಬೇಕು, ತೂಕದ ಚೀಟಿ ಕೊಡಬೇಕು, ಅಂದೇ ಹಣ ಕೊಡಬೇಕು, ಬೆಂಬಲ ಬೆಲೆಗಿಂತ ಕೆಳಗೆ ಕೊಂಡರೆ ಅಪರಾಧವಾಗಬೇಕು ಎಂದು ಹಠ ಹಿಡಿಯಿರಿ. ಮೂರು, ಎಪಿಎಂಸಿ ಚುನಾವಣೆ, ಸೊಸೈಟಿ ಚುನಾವಣೆ ಎಂದರೆ ಊರ ದೊಡ್ಡವರ ಮನೆಯ ವಿಷಯ ಎಂದು ಬಿಟ್ಟು ಕೂರಬೇಡಿ. ಎಂಎಲ್ಎ ಚುನಾವಣೆಗೆ ಹೊಡೆದಾಡುವಷ್ಟರಲ್ಲಿ ಅರ್ಧ ಹೊಡೆದಾಡಿದರೂ ಪ್ರಾಂಗಣ ನಿಮ್ಮದಾಗುತ್ತದೆ.

ಎಂಬತ್ತರ ದಶಕದಲ್ಲಿ ನಿಮ್ಮ ಊರ ಹೆಬ್ಬಾಗಿಲಲ್ಲಿ, ರೈತರ ಅಪ್ಪಣೆಯಿಲ್ಲದೆ ಅಧಿಕಾರಿಗಳು ಒಳಗೆ ಬರಕೂಡದೆಂದು ಹಸಿರು ಬೋರ್ಡು ನಿಂತಿತ್ತು. ಜಪ್ತಿಗೆ ಬಂದವರು ಅದನ್ನು ಓದಿ ಹಿಂದಕ್ಕೆ ಹೋದದ್ದುಂಟು. ಆ ಬೋರ್ಡು ಅನೇಕ ಕಡೆ ತುಕ್ಕು ಹಿಡಿದಿದೆ. ಅದನ್ನು ಉಜ್ಜಿ, ಬಣ್ಣ ಬಳಿದು, ಕೆಳಗೆ ಇನ್ನೊಂದು ಸಾಲು ಸೇರಿಸಿ: ವೋಟು ಕೇಳಲು ಬರುವವರು ತಮ್ಮ ಖಾತೆಯ ಲೆಕ್ಕ ತೆಗೆದುಕೊಂಡು ಬರಬೇಕು.